ನೋಡುವ ಕಣ್ಣು, ದುಡಿಯುವ ಕೈ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಛಂದಸ್ಸನ್ನೋ ಅಲಂಕಾರವನ್ನೋ ಕುರಿತು ನಾಲ್ಕು ಮಾತು ಬರೆದು ಒಪ್ಪಿಸುವುದು ನನ್ನಂಥ ಪಂಡಿತವೃತ್ತಿಯವನಿಗೆ ಸುಲಭವಾಗಿತ್ತು. ಆದರೆ 2022ರ ಡಿಸೆಂಬರಿನಲ್ಲಿ ನಮ್ಮ ಶಾಲೆಯ ನಲವತ್ತೆರಡು ಮಕ್ಕಳೊಡನೆ ಕೈಗೊಂಡ ನಾಲ್ಕು ದಿನಗಳ ಶ್ರಮದಾನ ಪ್ರವಾಸವು ಇಂದಿಗೂ ನನ್ನ ಮನಸ್ಸಿನಿಂದ ಮಾಸಿಲ್ಲ. ಅಲ್ಲಿ ಮಕ್ಕಳು ಕಲಿತುದಕ್ಕಿಂತ ನಾನು ಕಲಿತುದೇ ಹೆಚ್ಚು. ಆದುದರಿಂದ ಅದನ್ನೇ ಇಲ್ಲಿ ನಿವೇದಿಸುತ್ತಿದ್ದೇನೆ.

ಶಾಲಾ ಪ್ರವಾಸವೆಂದರೆ ನಮಗೆಲ್ಲ ಗೊತ್ತೇ ಇದೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು, ಬೆಳಗಾಗುತ್ತಲೇ ಒಂದು ಗುಡಿ, ಮಧ್ಯಾಹ್ನಕ್ಕೆ ಒಂದು ಅರಮನೆ, ಸಂಜೆಗೆ ಒಂದು ಜಲಪಾತವೆಂದು ಓಡಿ, ಹಿಂದಿರುಗಿದ ಮೇಲೆ ಯಾವುದು ಎಲ್ಲಿತ್ತೆಂಬುದನ್ನೇ ಮರೆಯುವುದು. ಇದಕ್ಕಿಂತ ಬೇರೆ ಬಗೆಯ ಪ್ರವಾಸವೊಂದುಂಟೆಂದು ನನಗೆ ಹೊಳೆದದ್ದು ಇಸ್ರೇಲ್ ದೇಶದ ವೃತ್ತಾಂತವನ್ನು ಓದಿದಾಗ. ಅಲ್ಲಿ ಮೃತಸಮುದ್ರದ ಬಳಿ ಮಸಾದ ಎಂಬ ಗಿರಿದುರ್ಗವಿದೆ. 1963ರಿಂದ 1965ರವರೆಗೆ ಯಿಗಾಯೆಲ್ ಯಾದಿನ್ ಎಂಬ ವಿದ್ವಾಂಸರ ನೇತೃತ್ವದಲ್ಲಿ ಅಲ್ಲಿ ಉತ್ಖನನ ನಡೆದಾಗ, ಅನೇಕ ದೇಶಗಳ ಜನರು ಸ್ವಂತ ಖರ್ಚಿನಿಂದ ಹೋಗಿ, ಡೇರೆಗಳಲ್ಲಿ ತಂಗಿ, ಮಣ್ಣು ಹೊತ್ತರಂತೆ. 1967ರ ಯುದ್ಧಾನಂತರ ಆ ದೇಶದ ಕಿಬ್ಬುತ್ಸ್ ಎಂಬ ಸಮುದಾಯ ಗ್ರಾಮಗಳಿಗೂ ಪರದೇಶದ ತರುಣರು ಗುಂಪುಗುಂಪಾಗಿ ಹೋಗಿ, ತೋಟದಲ್ಲಿ, ಅಡಿಗೆಮನೆಯಲ್ಲಿ, ಹಟ್ಟಿಯಲ್ಲಿ ದುಡಿದು, ಊಟ ವಸತಿ ಪಡೆದು, ಬಿಡುವಿನಲ್ಲಿ ನಾಡನ್ನು ಸುತ್ತಿದರು. ಮಸಾದದಲ್ಲಿ ಮಳೆಯ ನೀರನ್ನು ಹಿಡಿದಿಡುವ ಭಾರಿ ತೊಟ್ಟಿಗಳನ್ನು ಬಂಡೆಯಲ್ಲೇ ಕೊರೆದಿದ್ದಾರೆಂದು ಓದಿದಾಗ ನನಗೆ ನೆನಪಾದದ್ದು ನಮ್ಮ ಚಿತ್ರದುರ್ಗದ ಹೊಂಡಗಳು. ಅಷ್ಟು ದೂರದವರು ಕೋಟೆಯೊಂದಕ್ಕಾಗಿ ಮಣ್ಣು ಹೊತ್ತಿರುವಾಗ, ನಾವು ನಮ್ಮ ಜಿಲ್ಲೆಯಲ್ಲೇ ಬೆಳಿಗ್ಗೆ ದುಡಿದು ಮಧ್ಯಾಹ್ನ ನೋಡಬಾರದೇಕೆ? ಈ ವಿಚಾರವನ್ನು ಪೂಜ್ಯರಲ್ಲಿ ಅರಿಕೆ ಮಾಡಿಕೊಂಡೆ. ಕಾಯಕವಿರುವ ಪ್ರವಾಸಕ್ಕೆ ಅಡ್ಡಿಯೇನೆಂದು ಅವರು ಸಂತೋಷದಿಂದ ಒಪ್ಪಿದರು.

ಮೊದಲ ದಿನ ಹೊಳಲ್ಕೆರೆ ಸೀಮೆಯ ಒಂದು ಹಳ್ಳಿಗೆ ಹೋದೆವು. ಆ ಊರ ಕೆರೆಗೆ ನೀರು ತರುವ ಕಾಲುವೆಯು ಹೂಳಿನಿಂದಲೂ ಜಾಲಿಯ ಗಿಡಗಳಿಂದಲೂ ಮುಚ್ಚಿಹೋಗಿತ್ತು. ಗುದ್ದಲಿ, ಸಲಿಕೆ, ಬಾಂಡಲಿಗಳನ್ನು ಊರವರೇ ಕೊಟ್ಟರು. ನಮ್ಮ ಮಕ್ಕಳ ಅಂಗೈಗಳು ಒಂದು ಗಂಟೆಯಲ್ಲೇ ಬೊಬ್ಬೆಯೆದ್ದವು. ಹಿರಿಯ ರೈತರೊಬ್ಬರು ನನ್ನ ಕೈಯಲ್ಲಿದ್ದ ಗುದ್ದಲಿಯನ್ನು ನೋಡಿ, “ಪಂಡಿತರೇ, ಅದು ಬಳಪ ಅಲ್ಲ, ಹಂಗೆ ಹಿಡಿದ್ರೆ ಸೊಂಟ ಹೋಗ್ತದೆ” ಎಂದು ನಕ್ಕು, ಹಿಡಿಯುವ ಬಗೆಯನ್ನು ತೋರಿಸಿಕೊಟ್ಟರು. ಮುದ್ದೆ, ಹುರುಳಿಕಾಳಿನ ಸಾರು ಉಂಡು, ಇಳಿಹೊತ್ತಿಗೆ ಹೊಳಲ್ಕೆರೆಯ ಬಯಲು ಗಣಪತಿಯನ್ನು ದರ್ಶಿಸಿದೆವು. ಮರುದಿನ ಹೊಸದುರ್ಗದ ಕಡೆಯ ಹಳ್ಳಿಯೊಂದರಲ್ಲಿ ಕಲ್ಯಾಣಿಯ ಮೆಟ್ಟಿಲುಗಳ ಕಳೆ ಕಿತ್ತು, ಹಾಲುರಾಮೇಶ್ವರಕ್ಕೆ ಹೋಗಿಬಂದೆವು.

ಮೂರನೆಯ ದಿನ ಹಿರಿಯೂರಿನ ಬಳಿಯ ಮಾರಿಕಣಿವೆ. ವೇದಾವತಿ ನದಿಗೆ ಎರಡು ಗುಡ್ಡಗಳ ನಡುವೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದಿನಿಂದ ಇದಕ್ಕೆ ವಾಣೀವಿಲಾಸ ಸಾಗರವೆಂದು ಹೆಸರಾಯಿತು. 1933ರ ತರುವಾಯ ಒಮ್ಮೆಯೂ ಕೋಡಿ ಬೀಳದಿದ್ದ ಈ ಜಲಾಶಯವು ಎಂಬತ್ತೊಂಬತ್ತು ವರ್ಷಗಳ ಮೇಲೆ, 2022ರ ಸೆಪ್ಟೆಂಬರಿನಲ್ಲಿ 130 ಅಡಿ ತುಂಬಿ ಕೋಡಿ ಬಿದ್ದಿತ್ತು. ನಾನು ಈ ಇತಿಹಾಸವನ್ನು ವಿವರಿಸುತ್ತಿರುವಾಗ ಎಂಟನೆಯ ತರಗತಿಯ ಹುಡುಗನೊಬ್ಬ, “ಗುರುಗಳೇ, ಇಷ್ಟು ದೊಡ್ಡದಕ್ಕೆ ಹೂಳು ತುಂಬಿದರೆ ಯಾರು ತೆಗೆಯುತ್ತಾರೆ?” ಎಂದು ಕೇಳಿದ. ಹಿಂದೆ ಹತ್ತಾರು ತಂಡಗಳನ್ನು ಅಲ್ಲಿಗೆ ಕರೆದೊಯ್ದಿದ್ದೇನೆ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಒಂದು ಮೊಳ ಕಾಲುವೆಯ ಹೂಳನ್ನು ಕೈಯಾರೆ ಎತ್ತಿದವನಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು.

ಕೊನೆಯ ದಿನ ಚಿತ್ರದುರ್ಗದ ಕೋಟೆ. ಸಂಬಂಧಪಟ್ಟವರ ಅನುಮತಿ ಪಡೆದು, ದಾರಿಯುದ್ದಕ್ಕೂ ಬಿದ್ದಿದ್ದ ಪ್ಲಾಸ್ಟಿಕ್ ಬಾಟಲಿ, ತಿಂಡಿಯ ಪೊಟ್ಟಣಗಳನ್ನು ಆಯ್ದೆವು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕತಂಗಿ ಹೊಂಡಕ್ಕೂ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡಗಳಿಗೂ ಇಳಿಯುವಂತೆ ಹಿಂದಿನವರು ಮಾಡಿದ ಏರ್ಪಾಡನ್ನು ಮಕ್ಕಳು ತಾವೇ ಗುರುತಿಸಿದರು. ಅಲ್ಲಲ್ಲಿ ಬಂಡೆಗಳ ಮೇಲೆ ಮೊಳೆಯಿಂದ ಕೆತ್ತಿದ ಹೆಸರುಗಳಿದ್ದವು. ಅವನ್ನು ಉಜ್ಜಿ ಅಳಿಸಲು ಮಕ್ಕಳು ಮುಂದಾದಾಗ, ಅಲ್ಲಿದ್ದ ಕಾವಲುಗಾರರು ತಡೆದರು. ಅಕ್ಷರ ಹೋಗಬೇಕಾದರೆ ಕಲ್ಲೇ ಸವೆಯಬೇಕೆಂದರು. ಅಕ್ಕತಂಗಿ ಹೊಂಡದ ಆಚೆಯ ಒಂದು ಬಂಡೆಯ ಕಡೆಗೆ ಮಾತ್ರ ನಾನು ಮಕ್ಕಳನ್ನು ಕಳುಹಿಸಲಿಲ್ಲ. ಬಿಸಿಲೇರಿತೆಂಬ ನೆಪ ಹೇಳಿ ಬೇರೆ ದಾರಿ ಹಿಡಿಸಿದೆ.

ಮಧ್ಯಾಹ್ನ ಚಂದ್ರವಳ್ಳಿಗೆ ಇಳಿದೆವು. ಅಲ್ಲಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ಅದು ಹೇಳುತ್ತದೆ. ಶಾಸನದ ಮುಂದೆ ನಿಂತು ನಾನು ವ್ಯಾಖ್ಯಾನಿಸುತ್ತಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೆಲ್ಲನೆ ಕೇಳಿದಳು: “ಗುರುಗಳೇ, ಈ ರಾಜನೂ ಬಂಡೆಯ ಮೇಲೆ ಹೆಸರು ಬರೆಸಿದ್ದಾನೆ. ಮೇಲೆ ಕೋಟೆಯಲ್ಲಿ ಬರೆದವರದು ತಪ್ಪು, ಇವನದು ಹೇಗೆ ಸರಿ?”

“ಇವನು ಮೊದಲು ಕೆರೆ ಕಟ್ಟಿಸಿದ, ಆಮೇಲೆ ಹೆಸರು ಬರೆಸಿದ, ತಾಯಿ” ಎಂದೆ. ಮಕ್ಕಳಿಗೆ ಉತ್ತರ ಹಿಡಿಸಿತು. ನನಗೆ ಮಾತ್ರ ಗಂಟಲು ಕಟ್ಟಿತು. ಶಾಸನ ಓದುವುದನ್ನು ಕಲಿಸುವ ನಾನೇ, 1984ರಲ್ಲಿ, ಹದಿನಾಲ್ಕರ ಹುಡುಗನಾಗಿ, ಇದೇ ಕೋಟೆಗೆ ಪ್ರವಾಸ ಬಂದಾಗ, ಅಕ್ಕತಂಗಿ ಹೊಂಡದ ಆಚೆಯ ಬಂಡೆಯಲ್ಲಿ ನನ್ನ ಹೆಸರನ್ನೂ ಇಸವಿಯನ್ನೂ ಕೆತ್ತಿದ್ದೆ. ಗೆಳೆಯರು ಚಪ್ಪಾಳೆ ತಟ್ಟಿದ್ದರು. ಮೂವತ್ತೆಂಟು ವರ್ಷ ಆ ಬಂಡೆಯ ಮುಂದೆ ಮುಖ ತಿರುಗಿಸಿಕೊಂಡು ಹೋಗಿದ್ದೇನೆ.

ಆ ರಾತ್ರಿ ತಂಗಿದ್ದಲ್ಲಿ ಊಟವಾದ ಮೇಲೆ ಮಕ್ಕಳನ್ನು ಕೂಡಿಸಿ ಈ ಸಂಗತಿಯನ್ನು ಹೇಳಿದೆ. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಹೂಳಿನ ಪ್ರಶ್ನೆ ಕೇಳಿದ್ದ ಹುಡುಗನೇ, “ಹಾಗಾದರೆ ಗುರುಗಳೇ, ನೀವು ಇನ್ನೂ ಒಂದು ಕೆರೆ ಬಾಕಿ ಇದ್ದೀರಿ” ಎಂದ. ಇದಕ್ಕಿಂತ ನ್ಯಾಯವಾದ ತೀರ್ಪನ್ನು ನಾನು ಯಾವ ವಿದ್ವತ್ಸಭೆಯಲ್ಲಿಯೂ ಕೇಳಿಲ್ಲ.

ಅಂದಿನಿಂದ ಪ್ರತಿವರ್ಷವೂ ಈ ಪ್ರವಾಸ ನಡೆಯುತ್ತಿದೆ. ಕೋಟೆಗೆ ಹೋದಾಗ ನಾನು ಆ ಬಂಡೆಯನ್ನೇ ಮೊದಲು ತೋರಿಸುತ್ತೇನೆ. ಹಳ್ಳಿಯ ಕಾಲುವೆಗೆ ಹೋದಾಗ ಗುದ್ದಲಿಯನ್ನೂ ಮೊದಲು ನಾನೇ ಎತ್ತುತ್ತೇನೆ. ಅದನ್ನು ಹಿಡಿಯುವ ಬಗೆ ಈಗ ಬಂದಿದೆ. ಬಾಕಿಯ ಕೆರೆ ಇನ್ನೂ ತುಂಬಿಲ್ಲ.