ವಜೀರಿಸ್ತಾನದ ಚೆಂಗೀಸ್ ಖಾನ್

ಬೆಂಕಿ ಹಚ್ಚಿದವಳಿಗೆ ಆಗ ನಾಲ್ಕು ವರ್ಷ. ತನ್ನ ಉಡುಪುಗಳನ್ನೆಲ್ಲ ಬಾಚಿ ತಂದು ಮನೆಯ ಹಿಂದೆ ಗುಡ್ಡೆ ಹಾಕಿದಳು. ಉರಿ ಎದ್ದಿತು. ಸೋದರನ ಅಂಗಿ ಷರಾಯಿ ಮೈಗೇರಿಸಿದಳು. ಕೂದಲಿಗೆ ತಾನೇ ಕತ್ತರಿ ಹಾಕಿದಳು. ಅಪ್ಪ ಬಂದು ನೋಡಿದರೆ ಬೂದಿಯ ಪಕ್ಕದಲ್ಲಿ ಗಂಡುವೇಷದ ಮಗಳು ನಿಂತಿದ್ದಾಳೆ! ಗದರಬಹುದಿತ್ತು, ಬೆನ್ನಿಗೆ ನಾಲ್ಕು ಬಿಗಿಯಬಹುದಿತ್ತು. ಶಂಸುಲ್ ಕಯ್ಯೂಮ್ ವಜೀರ್ ನಕ್ಕುಬಿಟ್ಟರು. ಅಲ್ಲೇ ಮಗಳಿಗೆ ಹೊಸ ಹೆಸರಿಟ್ಟರು: ಚೆಂಗೀಸ್ ಖಾನ್.

ಇದು ನಡೆದದ್ದು ಪಾಕಿಸ್ತಾನದ ದಕ್ಷಿಣ ವಜೀರಿಸ್ತಾನದಲ್ಲಿ. ಅಫ್ಘಾನಿಸ್ತಾನದ ಗಡಿಗೆ ಅಂಟಿಕೊಂಡ ಬೆಟ್ಟಗಳ ಸೀಮೆ ಅದು. ಬ್ರಿಟಿಷರು 1901ರಲ್ಲಿ ಹೇರಿಹೋದ ಗಡಿ ಅಪರಾಧ ಕಾಯ್ದೆಯೇ ಅಲ್ಲಿ 2018ರವರೆಗೂ ನಡೆಯಿತು. ಒಬ್ಬ ಮಾಡಿದ ತಪ್ಪಿಗೆ ಇಡೀ ಕುಲವನ್ನು ದಂಡಿಸಲು ಅದರಲ್ಲಿ ಅವಕಾಶವಿತ್ತು. ಮಾರಿಯಾ ತೂರ್ಪಕೈ ವಜೀರ್ ಹುಟ್ಟಿದ್ದು 1990ರ ನವೆಂಬರ್ 22ರಂದು. ಹುಡುಗಿ ಹೊಸ್ತಿಲು ದಾಟಿ ಆಡಲು ಹೋಗುವುದಿರಲಿ, ಶಾಲೆಗೆ ಹೋಗುವುದೇ ದೊಡ್ಡ ಮಾತಾಗಿದ್ದ ಕಡೆ, ಹೆಂಡತಿಯನ್ನೂ ಹೆಣ್ಣುಮಕ್ಕಳನ್ನೂ ಓದಿಸಲು ಹಟ ಹಿಡಿದ ಗಂಡಸು ಆಕೆಯ ಅಪ್ಪ. ಕುಲದ ಹಿರಿಯರ ಕಣ್ಣು ಕೆಂಪಾಗಲು ಅಷ್ಟು ಸಾಕಿತ್ತು. ಸಂಸಾರ ಬೆಟ್ಟ ಇಳಿಯಿತು. ಊರೂರು ದಾಟಿ ಕೊನೆಗೆ ಪೆಶಾವರ ಸೇರಿತು.

ಪೆಶಾವರದ ಬೀದಿಗಳಲ್ಲಿ ಚೆಂಗೀಸ್ ಖಾನ್ ಮೆರೆದ. ಹುಡುಗರ ಗುಂಪು ಕಟ್ಟಿದ, ಜಗಳಕ್ಕೆ ನಿಂತ, ಮೂಗು ಒಡೆದ, ಒಡೆಸಿಕೊಂಡ. ಈ ಶಕ್ತಿಯನ್ನು ಎಲ್ಲಿಗಾದರೂ ಹರಿಸದಿದ್ದರೆ ಕೆಟ್ಟಿತು ಎಂದುಕೊಂಡ ಅಪ್ಪ ಹನ್ನೆರಡರ ಪ್ರಾಯದಲ್ಲಿ ಭಾರ ಎತ್ತುವ ಅಖಾಡಕ್ಕೆ ಬಿಟ್ಟರು, ಮಗನೆಂದು ಹೇಳಿಯೇ. ಚೆಂಗೀಸ್ ಖಾನ್ ಲಾಹೋರಿಗೆ ಹೋದ, ಹುಡುಗರ ಸ್ಪರ್ಧೆಯಲ್ಲಿ ಭಾರ ಎತ್ತಿದ, ಗೆದ್ದು ಬಂದ. ಯಾರಿಗೂ ಗುಮಾನಿ ಬರಲಿಲ್ಲ. ಆದರೆ ಮನಸ್ಸು ಅಷ್ಟರಲ್ಲಿ ಇನ್ನೊಂದು ಆಟಕ್ಕೆ ವಾಲಿತ್ತು. ನಾಲ್ಕು ಗೋಡೆ, ಒಂದು ಕಪ್ಪು ಚೆಂಡು, ಎರಡು ರಾಕೆಟ್ಟು, ಮಿಂಚಿನ ಓಟ.

ಪೆಶಾವರದ ಹುಡುಗನೊಬ್ಬನಿಗೆ ಸ್ಕ್ವಾಷ್ ಹುಚ್ಚು ಹಿಡಿದರೆ ಆಶ್ಚರ್ಯವಿಲ್ಲ. ಊರಿನ ಪಕ್ಕದ ನವಾಕಿಲ್ಲಿ ಎಂಬ ಪುಟ್ಟ ಹಳ್ಳಿಯಿಂದಲೇ ಹಾಷಿಮ್ ಖಾನ್ ಬಂದದ್ದು. ಬ್ರಿಟಿಷ್ ಅಧಿಕಾರಿಗಳ ಕ್ಲಬ್ಬಿನಲ್ಲಿ ಚೆಂಡು ಹೆಕ್ಕುತ್ತಿದ್ದ ಹುಡುಗ, ದೊರೆಗಳು ಮನೆಗೆ ಹೋದ ಮೇಲೆ ಬರಿಗಾಲಲ್ಲಿ ಆಡಿ ಕಲಿತವನು, 1951ರಲ್ಲಿ ಲಂಡನ್ನಿಗೆ ಹೋಗಿ ಬ್ರಿಟಿಷ್ ಓಪನ್ ಗೆದ್ದ. ಒಂದಲ್ಲ, ಒಟ್ಟು ಏಳು ಸಲ! ಐದು ವರ್ಷಕ್ಕೂ ಹೆಚ್ಚು ಕಾಲ ಸೋಲನ್ನೇ ಕಾಣದ ಜಹಾಂಗೀರ್ ಖಾನ್ ಆ ಊರಿನ ಕುಡಿಯೇ. ಎಂಟು ಸಲ ವಿಶ್ವ ಚಾಂಪಿಯನ್ ಆದ ಜಾನ್‌ಶೇರ್ ಖಾನನೂ ಅಲ್ಲಿಯವನೇ. ಆದರೆ ಈ ಸಾಲಿನಲ್ಲಿ ಒಬ್ಬಳೂ ಹೆಣ್ಣಿಲ್ಲ.

ಅಪ್ಪ ಮಗನನ್ನು ವಾಯುಪಡೆ ನಡೆಸುತ್ತಿದ್ದ ಅಕಾಡೆಮಿಗೆ ಕರೆದೊಯ್ದರು. ಅಲ್ಲಿ ಸಿಕ್ಕಿಬಿದ್ದರು. ಜನನ ಪ್ರಮಾಣಪತ್ರ ಬೇಕು ಎಂದರು ಅಕಾಡೆಮಿಯವರು. ಪತ್ರದಲ್ಲಿ ಚೆಂಗೀಸ್ ಎಲ್ಲಿದ್ದಾನೆ? ಇರುವುದು ಮಾರಿಯಾ! ಬಣ್ಣ ಬಯಲಾಗುವ ಮೊದಲು ಜಾಗ ಖಾಲಿ ಮಾಡಬೇಕೋ, ನಿಜ ಹೇಳಬೇಕೋ? ಅಪ್ಪ ನಿಜ ಹೇಳಿದರು. ಎದುರು ಕುಳಿತ ಅಧಿಕಾರಿ ಸಿಡಿದೇಳಲಿಲ್ಲ. ಹುಡುಗಿಯೊಬ್ಬಳು ಆಡಲು ಬಂದಳಲ್ಲ ಎಂದು ಹಿಗ್ಗಿ, ಕೈಗೊಂದು ರಾಕೆಟ್ ಕೊಟ್ಟರು. ಅದರ ಮೇಲೆ ಕೆನಡಾದ ಆಟಗಾರನೊಬ್ಬನ ಹೆಸರಿತ್ತು: ಜೊನಾಥನ್ ಪವರ್.

ಗುಟ್ಟು ರಟ್ಟಾದ ಮರುದಿನದಿಂದ ಅಂಗಳದ ಗಾಳಿಯೇ ಬದಲಾಯಿತು. ನಿನ್ನೆಯವರೆಗೆ ಹೆಗಲ ಮೇಲೆ ಕೈ ಹಾಕುತ್ತಿದ್ದ ಹುಡುಗರು ಗೇಲಿ ಮಾಡಿದರು, ಹೊಲಸು ಮಾತಾಡಿದರು. ಅವಳು ಕೋರ್ಟಿನ ಬಾಗಿಲು ಹಾಕಿಕೊಂಡು ಒಬ್ಬಳೇ ಆಡತೊಡಗಿದಳು. ಬೆರಳು ಬಾತವು, ಅಂಗೈ ಒಡೆಯಿತು, ರಾಕೆಟ್ಟಿನ ಹಿಡಿಗೆ ನೆತ್ತರು ಮೆತ್ತಿತು. ನಿಲ್ಲಿಸಲಿಲ್ಲ. 2006ರಲ್ಲಿ ವೃತ್ತಿಪರ ಆಟಗಾರ್ತಿಯಾದಳು. 2007ರಲ್ಲಿ ರಾಷ್ಟ್ರಾಧ್ಯಕ್ಷ ಮುಷರಫ್ ಕೈಯಿಂದ ಪ್ರಶಸ್ತಿ ಬಂತು. ಪತ್ರಿಕೆಗಳಲ್ಲಿ ಫೋಟೊ ಬಂತು. ಅದೇ ಎಡವಟ್ಟಾಯಿತು. ವಜೀರ್ ಕುಲದ ಹುಡುಗಿ, ತಲೆಗೆ ವಸ್ತ್ರವಿಲ್ಲ, ಮೊಣಕಾಲ ಮೇಲಿನ ಚಡ್ಡಿ! ಫೋಟೊ ಬೆಟ್ಟ ಹತ್ತಿ ವಜೀರಿಸ್ತಾನ ತಲುಪಲು ಎಷ್ಟು ಹೊತ್ತು ಬೇಕು?

ಒಂದು ದಿನ ಅಪ್ಪನ ಕಾರಿನ ಮುಂಗಾಜಿನ ಮೇಲೆ ಕಾಗದ ಸಿಕ್ಕಿಸಿತ್ತು. ಮಗಳ ಆಟ ನಿಲ್ಲಿಸು, ಇಲ್ಲವಾದರೆ ಪರಿಣಾಮ ನೆಟ್ಟಗಿರದು. ತಾಲಿಬಾನಿಗಳ ಎಚ್ಚರಿಕೆ! ಆ ದಿನಗಳಲ್ಲಿ ಇಂಥ ಕಾಗದವನ್ನು ಮಡಿಚಿ ಜೇಬಿಗೆ ಹಾಕಿ ಮರೆಯುವಂತಿರಲಿಲ್ಲ. ಶಾಲೆಗಳು ಸಿಡಿಯುತ್ತಿದ್ದವು, ಸಂತೆಗಳು ಸಿಡಿಯುತ್ತಿದ್ದವು. 2009ರ ಅಕ್ಟೋಬರ್ 28ರಂದು ಪೆಶಾವರದ ಮೀನಾ ಬಜಾರಿನಲ್ಲಿ ಬಾಂಬು ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅದು ಹೆಂಗಸರು ಬಟ್ಟೆಬರೆ ಕೊಳ್ಳುವ ಬೀದಿ.

ಸ್ಕ್ವಾಷ್ ಸಂಸ್ಥೆ ಕಾವಲು ಕೊಟ್ಟಿತು. ಮನೆಯಿಂದ ಕೋರ್ಟಿನವರೆಗೆ ಭದ್ರತೆ, ಕೋರ್ಟಿನ ಸುತ್ತ ಗುರಿಕಾರರು. ಹೀಗೆ ಎಷ್ಟು ದಿನ? ತಾನು ಸತ್ತರೆ ಸತ್ತೆ. ಆದರೆ ತನಗೆಂದು ಬಂದ ಬಾಂಬು ಪಕ್ಕದ ಕೋರ್ಟಿನಲ್ಲಿ ಆಡುವ ಮಕ್ಕಳನ್ನೂ ಬಿಡುವುದಿಲ್ಲವಲ್ಲ. ಈ ಯೋಚನೆ ತಲೆ ಹೊಕ್ಕ ಮೇಲೆ ಅವಳು ಹೊರಗಿನ ಆಟ ಬಿಟ್ಟಳು. ಮಲಗುವ ಕೋಣೆಗೆ ನಡೆದಳು. ಬಾಗಿಲು ಹಾಕಿದಳು. ಗೋಡೆಗೆ ಚೆಂಡು ಬಾರಿಸಿದಳು.

ಸಾಹಸಕಥೆ ಬರೆಯುವವರಿಗೆ ಹಿಮಪರ್ವತ ಬೇಕು, ತಿಮಿಂಗಿಲ ಬೇಕು. ನನ್ನ ಲೆಕ್ಕದಲ್ಲಿ ಈ ಕೋಣೆ ಯಾವ ಹಿಮಪರ್ವತಕ್ಕೂ ಕಡಿಮೆಯದಲ್ಲ. ಯಾಕೆಂದರೆ ಸ್ಕ್ವಾಷ್ ಕೋರ್ಟಿನ ಉದ್ದ 9.75 ಮೀಟರ್, ಅಗಲ 6.4 ಮೀಟರ್, ಅಷ್ಟು ಜಾಗದಲ್ಲಿ ಮೂಲೆಯಿಂದ ಮೂಲೆಗೆ ಹಾರಿ, ಮತ್ತೆ ನಡುವಿನ 'ಟಿ' ಗುರುತಿಗೆ ಮರಳುವುದೇ ಆಟದ ಪ್ರಾಣ. ಮಲಗುವ ಕೋಣೆಯಲ್ಲಿ ಓಡುವುದೆಲ್ಲಿ? ಎರಡು ಹಳದಿ ಚುಕ್ಕಿಯ ಆ ರಬ್ಬರ್ ಚೆಂಡು ಬೇರೆ ಮಹಾ ಸೋಮಾರಿ. ತಣ್ಣಗಿದ್ದರೆ ರಾಗಿಮುದ್ದೆಯ ಹಾಗೆ ಬಿದ್ದಲ್ಲೇ ಬಿದ್ದಿರುತ್ತದೆ. ಬಾರಿಸಿ ಬಾರಿಸಿ ಬಿಸಿಯಾದ ಮೇಲಷ್ಟೇ ಪುಟಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆಯೇ. ಗೋಡೆ ಮೋಸ ಮಾಡುವುದಿಲ್ಲ. ಡ್ರಾಪ್ ಹಾಕುತ್ತೇನೆಂದು ತೋರಿಸಿ ತಲೆಯ ಮೇಲೆ ಲಾಬ್ ಎತ್ತುವುದಿಲ್ಲ. ಹೊಡೆದಷ್ಟನ್ನೇ ಹೊಡೆದಂತೆಯೇ ತಿರುಗಿ ಕೊಡುತ್ತದೆ. ಎದುರಾಳಿಯಿಲ್ಲದ ಆಟಗಾರ್ತಿ ತೋಳು ಗಟ್ಟಿ ಮಾಡಿಕೊಳ್ಳಬಹುದು, ಆಟ ಬೆಳೆಸಿಕೊಳ್ಳಲಾರಳು. ಹದಿನೇಳು, ಹದಿನೆಂಟು, ಹತ್ತೊಂಬತ್ತು: ಜಗತ್ತಿನ ಉಳಿದ ಹುಡುಗಿಯರು ಊರೂರು ಸುತ್ತಿ ಅಂಕ ಗಳಿಸುವ ಪ್ರಾಯವನ್ನು ಅವಳು ಬಹುಪಾಲು ಆ ಕೋಣೆಯಲ್ಲೇ ಸವೆಸಿದಳು. ಸುಮಾರು ಮೂರೂವರೆ ವರ್ಷ! ಸದ್ದಿಗೆ ನೆರೆಯವರು ಗೊಣಗಿದರು. ಸದ್ದು ನಿಲ್ಲಲಿಲ್ಲ.

ನಡುವೆ ಒಂದು ಸಲ ಬಾಗಿಲು ತೆರೆದು ಹೊರಬಿದ್ದಳು, ಬಂದದ್ದು ಎಲ್ಲಿಗೆಂದುಕೊಂಡಿರಿ? ಚೆನ್ನೈಗೆ! 2009ರ ವಿಶ್ವ ಜೂನಿಯರ್ ಚಾಂಪಿಯನ್‌ಶಿಪ್ ಅಲ್ಲಿತ್ತು. ಮುಂಬೈ ದಾಳಿ ನಡೆದು ಒಂದು ವರ್ಷವೂ ತುಂಬಿರಲಿಲ್ಲ, ಎರಡೂ ದೇಶಗಳು ಮುಖ ತಿರುಗಿಸಿ ಕುಳಿತಿದ್ದವು. ಮಲಗುವ ಕೋಣೆಯ ಗೋಡೆಯ ಎದುರು ತಯಾರಾದವಳು ಒಬ್ಬೊಬ್ಬರನ್ನೇ ಮಣಿಸಿ ಸೆಮಿಫೈನಲ್ ತಲುಪಿ ಕಂಚು ಗೆದ್ದಳು. ಆ ಸಲ ಚಿನ್ನ ಹೊಡೆದದ್ದು ಈಜಿಪ್ಟಿನಿಂದ ಬಂದ ಹದಿಮೂರರ ಬಾಲೆ ನೂರ್ ಎಲ್ ಶೆರ್ಬಿನಿ. ಮುಂದೆ ಜಗತ್ತನ್ನೇ ಆಳಿದವಳು. ಮಾರಿಯಾ ಕಂಚು ಹಿಡಿದು ಮತ್ತೆ ಪೆಶಾವರಕ್ಕೆ, ಮತ್ತೆ ಅದೇ ಕೋಣೆಗೆ.

ಇನ್ನು ಉಳಿದದ್ದು ಕಂಪ್ಯೂಟರಿನ ಕಿಂಡಿ. ಇಮೇಲ್ ಬರೆದಳು. ಕ್ಲಬ್ಬುಗಳಿಗೆ, ಕಾಲೇಜುಗಳಿಗೆ, ತರಬೇತುದಾರರಿಗೆ, ಎಲ್ಲೆಲ್ಲಿ ಸ್ಕ್ವಾಷ್ ಕೋರ್ಟಿದೆಯೋ ಅಲ್ಲಿಗೆಲ್ಲ. ಆಡಲು ಜಾಗ ಕೊಡಿ. ಉತ್ತರವಿಲ್ಲ. ಇನ್ನೊಂದು. ಉತ್ತರವಿಲ್ಲ. ವರ್ಷ ಉರುಳಿತು, ಮತ್ತೊಂದು ಉರುಳಿತು. ಹಾಗೆ ಹೋದ ಓಲೆಗಳಲ್ಲಿ ಒಂದು ಟೊರಾಂಟೊದಲ್ಲಿ ತೆರೆಯಿತು. ತೆರೆದವನು ಜೊನಾಥನ್ ಪವರ್!

1998ರ ವಿಶ್ವ ಚಾಂಪಿಯನ್; 1999ರಲ್ಲಿ ಅಗ್ರಪಟ್ಟಕ್ಕೇರಿದ ಉತ್ತರ ಅಮೆರಿಕದ ಮೊದಲ ಆಟಗಾರ; 2006ರಲ್ಲಿ ಆ ಪಟ್ಟದಲ್ಲಿದ್ದಾಗಲೇ ಆಟಕ್ಕೆ ಶರಣು ಹೊಡೆದವನು. ಅವನ ಹೆಸರಿನ ರಾಕೆಟ್ ಪೆಶಾವರದಲ್ಲಿ ಹುಡುಗಿಯ ಕೈಗೆ ಬಂದದ್ದನ್ನು ವಿಧಿಲಿಖಿತ ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅಗ್ರಪಟ್ಟದವನ ಹೆಸರಿನ ರಾಕೆಟ್ ಎಲ್ಲೆಡೆ ಮಾರಾಟವಾಗುತ್ತದೆ. ಬೆರಗು ಇರುವುದು ಅವನು ಉತ್ತರ ಬರೆದದ್ದರಲ್ಲಿ. ವಜೀರಿಸ್ತಾನದ ಹುಡುಗಿ ಸ್ಕ್ವಾಷ್ ಆಡುತ್ತಾಳೆಂದರೆ ನಂಬುವುದೇ ಕಷ್ಟ. ಅವನು ನಂಬಿದ, ಬಾ ಎಂದ.

2011ರಲ್ಲಿ ಅವಳು ಟೊರಾಂಟೊದಲ್ಲಿ ಇಳಿದಳು. ನಿಜವಾದ ಕೋರ್ಟು, ನಿಜವಾದ ಎದುರಾಳಿಗಳು, ಕಾವಲಿಲ್ಲದ ಬಾಗಿಲು. ಕಳೆದುಹೋದ ವರ್ಷಗಳ ಬೆನ್ನಟ್ಟಿ ಓಡಿದಳು. 2012ರ ಅಕ್ಟೋಬರಿನಲ್ಲಿ ಸ್ವಾತ್ ಕಣಿವೆಯಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಬಾಲಕಿ ಮಲಾಲಾಳ ತಲೆಗೆ ತಾಲಿಬಾನಿಗಳ ಗುಂಡು ಹೊಕ್ಕಿತು. ಬೆದರಿಕೆ ಬರೀ ಬೆದರಿಕೆಯಲ್ಲ ಎಂದು ಇಡೀ ಲೋಕಕ್ಕೆ ಆಗ ಗೊತ್ತಾಯಿತು. ಎರಡು ತಿಂಗಳಲ್ಲಿ, ಡಿಸೆಂಬರಿನಲ್ಲಿ, ಮಾರಿಯಾ ವಿಶ್ವ ಶ್ರೇಯಾಂಕದಲ್ಲಿ 41ಕ್ಕೇರಿದಳು. ಅದಕ್ಕಿಂತ ಮೇಲೆ ಹೋಗಲಿಲ್ಲ. ಆ ಮೂರೂವರೆ ವರ್ಷ ಗೋಡೆಯ ಬದಲು ಮನುಷ್ಯರ ಎದುರು ಆಡಿದ್ದರೆ ಎಲ್ಲಿಗೆ ಮುಟ್ಟುತ್ತಿದ್ದಳೋ, ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ.

ಆದರೂ ಪಾಕಿಸ್ತಾನದ ಅಂಗಿಯನ್ನು ಕಳಚಲಿಲ್ಲ. 2016ರ ಫೆಬ್ರುವರಿಯಲ್ಲಿ ಗುವಾಹಟಿಯಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟ, ಮಹಿಳೆಯರ ಫೈನಲ್. ಎದುರಿಗೆ ನಮ್ಮ ಕೊಡವ ಮನೆತನದ, ಚೆನ್ನೈಯಲ್ಲಿ ಬೆಳೆದ ಜೋಶ್ನಾ ಚಿಣ್ಣಪ್ಪ. ಮೊದಲ ಗೇಮನ್ನು ಮಾರಿಯಾ ಕಿತ್ತುಕೊಂಡಳು. ಭಾರತದ ಪಾಳಯದಲ್ಲಿ ಕಸಿವಿಸಿ. ಜೋಶ್ನಾ ಪಟ್ಟು ಬಿಡಲಿಲ್ಲ. ಎರಡನೆಯದನ್ನು ಗೆದ್ದಳು, ಜಿದ್ದಾಜಿದ್ದಿಯ ಮೂರನೆಯದನ್ನೂ ಎಳೆದುಕೊಂಡಳು, ನಾಲ್ಕನೆಯದರಲ್ಲಿ ಆಟ ಮುಗಿಸಿದಳು. ಜೋಶ್ನಾಗೆ ಚಿನ್ನ, ಮಾರಿಯಾಗೆ ಬೆಳ್ಳಿ.