ಚರೆಯಿಲ್ಲದ ಈಡು

1959ರ ಆಯುಧ ಕಾಯ್ದೆಯ 13ನೆಯ ಕಲಮಿನಲ್ಲಿ ಬೆಳೆ ಕಾಯುವವರಿಗಾಗಿ ಬರೆದ ಒಂದು ಸಾಲಿದೆ. ಬೆಳೆ ರಕ್ಷಣೆಗೆಂದು ಲೈಸೆನ್ಸು ಕೇಳಿದವರಿಗೆ ಕೊಡಬೇಕಾದದ್ದು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ಬಂದೂಕಿಗೆ ಅನುಮತಿ ಕೊಡಬಹುದು. ಅಂದರೆ ಮನೆ ಕಾಯುವವನಿಗೆ, ಗುರಿಯಾಟದವನಿಗೆ ಒಂದು ಬಂದೂಕು. ಹೊಲ ಕಾಯುವವನಿಗೆ ಇನ್ನೊಂದು, ಹಳೆಯ ಕಾಲದ್ದು.

ಈ ಭೇದ ನಮ್ಮ ಕಡೆಯ ರೈತರಿಗೆ ಮೊದಲಿನಿಂದಲೂ ಚುಚ್ಚುತ್ತಿತ್ತು. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ತಾಲೂಕುಗಳ ಹಳ್ಳಿಗಳಲ್ಲಿ ಲೈಸೆನ್ಸು ಇರುವ ಮನೆಗಳಿಗೆ ಹೋದಾಗ ನಾನು ಕಂಡದ್ದು ಹೆಚ್ಚಾಗಿ ಒಂಟಿ ನಳಿಗೆಯ ಇಂಥ ಬಂದೂಕುಗಳನ್ನೇ. ಜೊತೆಗೆ ಕೇಳಿದ್ದು ಅವುಗಳ ಮೇಲಿನ ಬೈಗುಳ. ಬೈಯುವವರಲ್ಲಿ ನಮ್ಮಪ್ಪನೇ ಮುಂದು. ಅಜ್ಜನಿಂದ ಬಂದ ಬಂದೂಕನ್ನು ಆತ ‘ಊದುಗೊಳವಿ’ ಎಂದೇ ಕರೆಯುತ್ತಿದ್ದ. “ಒಂದ್ ಈಡ ಹೊಡದು ಇನ್ನೊಂದ್ ತುಂಬೂದ್ರಾಗ ಚಿಗರಿ ಗುಡ್ಡ ದಾಟಿ ಬೀಗರ ಮನೀಗೆ ಹೋಗಿರತಾವ ನೋಡವಾ” ಎನ್ನುತ್ತಿದ್ದ.

ಆತನ ದೂರು ಸುಳ್ಳಲ್ಲ. ಆ ಬಂದೂಕು ಕೇಳುವ ಸೇವೆ ಅಷ್ಟಿಷ್ಟಲ್ಲ. ನಳಿಗೆಗೆ ಅಳತೆಯ ಕರಿಮದ್ದು ಸುರಿಯಬೇಕು. ಮೇಲೆ ನಾರು ತುರುಕಿ ಗಜದಿಂದ ಹದವಾಗಿ ಬಡಿಯಬೇಕು. ಆಮೇಲೆ ಚರೆ, ಅದು ಉದುರದಂತೆ ಮತ್ತೆ ನಾರು, ಮತ್ತೆ ಗಜ. ಕೊನೆಗೆ ಕುದುರೆ ಎತ್ತಿ ಕೇಪು ಕೂಡಿಸಬೇಕು. ಇಷ್ಟಾದ ಮೇಲೂ ಕೇಪಿಗೆ ತೇವ ಹಿಡಿದಿದ್ದರೆ ‘ಟಕ್’ ಅನ್ನುತ್ತದೆ ಅಷ್ಟೆ. ಹಾರಿದರೆ ಎದುರಿಗೆ ಹೊಗೆಯ ಗೋಡೆ. ಮರುದಿನ ಬಿಸಿನೀರು ಹಾಕಿ ತೊಳೆದು, ಒಣಗಿಸಿ, ಎಣ್ಣೆ ಸವರದಿದ್ದರೆ ನಳಿಗೆಯೊಳಗೆ ತುಕ್ಕು. ಹನ್ನೆರಡು ಬೋರಿನ ಬಂದೂಕಿನವರು ತೋಟಾ ತುರುಕಿ ಕುದುರೆ ಒತ್ತುವುದನ್ನು ಕಂಡವರಿಗೆ ಇದು ಪರಿಹಾಸ್ಯದಂತೆ ಕಂಡರೆ ಆಶ್ಚರ್ಯವಿಲ್ಲ. ಅಪ್ಪ ಬಂದೂಕು ಬದಲಿಸಿಕೊಡಿ ಎಂದು ಅರ್ಜಿಯನ್ನೂ ಹಾಕಿದ್ದ. ಹಾವೇರಿ ಜಿಲ್ಲೆಯಾದದ್ದು 1997ರ ಆಗಸ್ಟಿನಲ್ಲಿ. ಅದಕ್ಕೂ ಮೊದಲು ಇಂಥ ಕೆಲಸಕ್ಕೆ ಧಾರವಾಡಕ್ಕೆ ಹೋಗಬೇಕಿತ್ತು. ಅಜ್ಜನ ಹಳೆಯ ಲೈಸೆನ್ಸು ಪುಸ್ತಕದಲ್ಲಿ ಧಾರವಾಡದ ಮೊಹರುಗಳೇ ತುಂಬಿವೆ. ಅಪ್ಪನ ಅರ್ಜಿ ಯಾವ ಕಚೇರಿಯಿಂದಲೂ ಹಿಂದಿರುಗಲಿಲ್ಲ.

ನಮ್ಮ ಹೊಲ ಇರುವುದು ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ಮಗ್ಗುಲಿಗೆ. 1974ರಲ್ಲಿ ಘೋಷಣೆಯಾದ ಈ ಅಭಯಾರಣ್ಯದ ವಿಸ್ತೀರ್ಣ 119 ಚದರ ಕಿಲೋಮೀಟರು. ಅಭಯಾರಣ್ಯ ಅಂದಾಕ್ಷಣ ದಟ್ಟ ಕಾಡು ಎಂದುಕೊಂಡು ಬಂದವರಿಗೆ ನಿರಾಸೆಯಾಗುತ್ತದೆ. ಇಲ್ಲಿರುವುದು ಕುರುಚಲು, ಕಲ್ಲುನೆಲ, ಮತ್ತು ಸಾಲುಸಾಲು ನೀಲಗಿರಿ. ಚಿಗರಿಗೆ ಬೇಕಾದದ್ದು ಹುಲ್ಲು ಮತ್ತು ದೂರದ ತನಕ ಕಾಣುವ ಬಯಲು. ಆ ಬಯಲು ಈಗ ನಮ್ಮ ಹೊಲಗಳಲ್ಲಿದೆ. ಮುಂಗಾರಿನಲ್ಲಿ ಗೋವಿನಜೋಳ ಗೇಣುದ್ದ ಎದ್ದಾಗ ಬೆಳಗಿನ ಜಾವ ಹಿಂಡು ಬಂದು ಸಾಲು ಹಿಡಿದು ಮೇಯುತ್ತದೆ. ಶೇಂಗಾ, ಹೆಸರು, ಹಿಂಗಾರಿಯ ಬಿಳಿಜೋಳ ಯಾವುದನ್ನೂ ಬಿಡುವುದಿಲ್ಲ. ತೆನೆ ಕಟ್ಟಿದ ಮೇಲೆ ಕಾಡುಹಂದಿಯ ಪಾಳಿ. ಬೀಜ, ಗೊಬ್ಬರ, ಆಳಿನ ಕೂಲಿ ಎಲ್ಲ ಸಾಲದಲ್ಲಿ ಸುರಿದ ಹೊಲ ಒಂದು ಮುಂಜಾನೆಯಲ್ಲಿ ಅರ್ಧ ಬೋಳಾದದ್ದನ್ನು ನೋಡಿದವರಿಗೆ, ಕರಿ ಬೆನ್ನಿನ ಗಂಡು ಚಿಗರಿ ಕೊಂಬು ಎತ್ತಿ ನಿಂತ ಚಿತ್ರ ಅಷ್ಟೇನೂ ಸುಂದರವಾಗಿ ಕಾಣುವುದಿಲ್ಲ.

ಆದರೂ ಅದನ್ನು ಕೊಲ್ಲುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಕೃಷ್ಣಮೃಗ ಮೊದಲನೆಯ ಅನುಸೂಚಿಯ ಪ್ರಾಣಿ. ಕೊಂದರೆ 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದ ತನಕದ ಸಜೆ. ಬೆಳೆ ತಿಂದಿತು ಎಂಬ ಕಾರಣಕ್ಕೆ ಈ ಅನುಸೂಚಿಯ ಪ್ರಾಣಿಯನ್ನು ಹೊಡೆಯಲು ಅನುಮತಿ ಕೊಡುವ ಅವಕಾಶವೇ ಕಾಯ್ದೆಯಲ್ಲಿಲ್ಲ. ಅದೇ ಕಾಯ್ದೆಯ 34ನೆಯ ಕಲಮಿನ ಪ್ರಕಾರ ಅಭಯಾರಣ್ಯದ ಸುತ್ತ 10 ಕಿಲೋಮೀಟರಿನೊಳಗೆ ಹೊಸ ಬಂದೂಕಿನ ಲೈಸೆನ್ಸು ಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕು. ಹೀಗಾಗಿ ನಮ್ಮ ಸುತ್ತಿನ ಬಂದೂಕುಗಳು ಬಹುಮಟ್ಟಿಗೆ ಅಜ್ಜಂದಿರ ಕಾಲದವು. ಬೆಳೆ ಕಾಯಲು ಬಂದೂಕು ಕೊಟ್ಟ ಸರ್ಕಾರವೇ ಬೆಳೆ ತಿನ್ನುವುದನ್ನು ಮುಟ್ಟಬೇಡ ಅನ್ನುತ್ತದೆ ಎಂದು ಊರಿನ ಕಟ್ಟೆಯ ಮೇಲೆ ನಗುವವರಿದ್ದರು. ಆ ನಗೆಯೊಳಗೆ ಸಿಟ್ಟೂ ಇತ್ತು.

ಈ ಇಕ್ಕಟ್ಟಿನಲ್ಲೇ ಅಪ್ಪನಿಗೆ ಊದುಗೊಳವಿಯ ಬೆಲೆ ತಿಳಿಯುತ್ತ ಬಂತು. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ. ಚುನಾವಣೆ ಬಂದರೆ ಬಂದೂಕು ಠಾಣೆಗೆ. ಒಪ್ಪಿಸಿ ರಸೀದಿ ತರಬೇಕು. ಹೊಲದಲ್ಲಿ ಜೋಳ ನಿಂತಿತ್ತು. ಅಪ್ಪ, ಅವ್ವ, ಆಳು ಮೂವರೂ ಡಬ್ಬಿ ಬಡಿದರು, ಹಳೆಯ ಸೀರೆಗಳನ್ನು ಹೊಲದ ಸುತ್ತ ಕಟ್ಟಿದರು, ನಾಯಿ ಬೊಗಳಿದ ಸದ್ದು ತುಂಬಿಸಿದ ಸಣ್ಣ ಮೈಕನ್ನು ಗೂಟಕ್ಕೆ ನೇತುಹಾಕಿದರು. ಚಿಗರಿ ಮೂರು ದಿನ ಅಂಜಿದವು, ನಾಲ್ಕನೆಯ ದಿನ ಮೈಕಿನ ಬುಡದಲ್ಲೇ ಮೇಯ್ದವು. ಬಂದೂಕು ಹಿಂದಿರುಗಿ ಬಂದ ಸಂಜೆ ಅಪ್ಪ ಮದ್ದು ಸುರಿದ, ನಾರು ತುರುಕಿದ, ಗಜದಿಂದ ಬಡಿದ, ಕೇಪು ಕೂಡಿಸಿದ. ಚರೆಯ ಚೀಲ ಗೂಟದಲ್ಲೇ ಇತ್ತು. ಆಕಾಶಕ್ಕೆ ಹಾರಿಸಿದ ಆ ಈಡಿಗೆ ಹೊಲ ನಡುಗಿತು, ಬೆಂಕಿಯ ನಾಲಿಗೆ ಚಾಚಿತು, ಹೊಗೆ ಜೋಳದ ಮೇಲೆ ಹರಡಿ ತಾಸುಗಟ್ಟಲೆ ಮದ್ದಿನ ವಾಸನೆ ನಿಂತಿತು. ಹಿಂಡು ಒಂದೇ ನೆಗೆತಕ್ಕೆ ಬದು ದಾಟಿತು. ಯಾವ ಪ್ರಾಣಿಗೂ ಒಂದು ಗೀರೂ ಬೀಳಲಿಲ್ಲ.

ಚರೆ ಮರೆತಿರಾ ಎಂದು ಕೇಳಿದ್ದಕ್ಕೆ ಆತ ಹೇಳಿದ ಮಾತು ಇದು: “ಇದರಾಗ ಚರಿ ಹಾಕೂದು ಬಿಡೂದು ನನ್ನ ಕೈಯಾಗ ಐತೆವಾ. ತೋಟಾದಾಗ ಅದನ್ನ ಫ್ಯಾಕ್ಟರಿಯವ ಮೊದಲ ಹಾಕಿ ಕಳಿಸಿರತಾನ.”

ನನಗೆ ಬಂದೂಕಿನ ಬಗ್ಗೆ ಯಾರೂ ಇಷ್ಟು ಸರಿಯಾಗಿ ಹೇಳಿದ್ದು ನೆನಪಿಲ್ಲ. ಅಂಗಡಿಯ ತೋಟಾದಲ್ಲಿ ಮದ್ದು, ಚರೆ, ಕೇಪು ಎಲ್ಲ ಒಂದೇ ಕವಚದೊಳಗೆ ಮುಚ್ಚಿರುತ್ತವೆ. ಬಂದೂಕಿಗೆ ತುರುಕಿದ ಗಳಿಗೆಯಲ್ಲೇ ಅದು ಕೊಲ್ಲಲು ತಯಾರು. ಉಳಿದ ನಿರ್ಧಾರ ಬೆರಳಿನದು, ಬೆರಳಿಗೆ ಯೋಚಿಸಲು ವ್ಯವಧಾನವಿಲ್ಲ. ಊದುಗೊಳವಿಯಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಸಲವೂ ಮನುಷ್ಯ ಚರೆಯ ಚೀಲಕ್ಕೆ ಕೈಹಾಕಬೇಕೋ ಬೇಡವೋ ಎಂದು ಗೊತ್ತುಮಾಡಲೇಬೇಕು. ಅದರ ನಿಧಾನವನ್ನು ಅಪ್ಪ ಎಷ್ಟು ವರ್ಷ ಬೈದಿದ್ದನೋ, ಆ ನಿಧಾನದಲ್ಲಿಯೇ ಸಿಟ್ಟು ಇಳಿಯುವಷ್ಟು ಹೊತ್ತು ಸಿಗುತ್ತಿತ್ತು. ಬೆಳೆ ಹಾಳಾದ ಮುಂಜಾನೆ ಕೈಯಲ್ಲಿ ಹನ್ನೆರಡು ಬೋರು ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಆತ ಬಾಯಿಬಿಟ್ಟು ಹೇಳಿಲ್ಲ. ಆದರೆ ಆಮೇಲೆ ಬಂದೂಕು ಬದಲಿಸುವ ಮಾತನ್ನೂ ಎತ್ತಿಲ್ಲ. ಪಕ್ಕದ ಹೊಲಗಳ ಇನ್ನಿಬ್ಬರು ಲೈಸೆನ್ಸುದಾರರೂ ಈಗ ಬರಿ ಮದ್ದಿನ ಈಡನ್ನೇ ಹೊಡೆಯುತ್ತಾರೆ. ಅವರೂ ಒಂದು ಕಾಲಕ್ಕೆ ಇದೇ ಬಂದೂಕನ್ನು ಗುಜರಿಗೆ ಹಾಕಬೇಕು ಅಂದವರೇ.

ಬ್ಯಾಡಗಿಯ ನಮ್ಮ ಸೋದರಮಾವನದು ಇದರ ತಿರುಗುಮುರುಗು ಕತೆ. ಅವರು ಮೆಣಸಿನಕಾಯಿ ವ್ಯಾಪಾರದವರು. ಸುಗ್ಗಿಯಲ್ಲಿ ಮನೆಯಲ್ಲಿ ರೊಕ್ಕ ಇರುತ್ತಿದ್ದ ಕಾಲಕ್ಕೆ ಆತ್ಮರಕ್ಷಣೆಗೆಂದು ಜೋಡು ನಳಿಗೆಯ ಹನ್ನೆರಡು ಬೋರು ತಂದರು. ಅದನ್ನು ಕಂಡೇ ಅಪ್ಪನಿಗೆ ಹೊಟ್ಟೆಯುರಿ. 2024ರ ಮಾರ್ಚ್ 11ರಂದು ದರ ಬಿದ್ದದ್ದಕ್ಕೆ ರೊಚ್ಚಿಗೆದ್ದ ರೈತರು ಬ್ಯಾಡಗಿ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿಯಿಟ್ಟರು, ಎಪಿಎಂಸಿ ಕಚೇರಿಗೆ ನುಗ್ಗಿದರು. ಆ ದಿನ ಮಾವ ಬಾಗಿಲು ಹಾಕಿ ಒಳಗೆ ಕುಳಿತಿದ್ದರು. ಬಂದೂಕು ತಿಜೋರಿಯಲ್ಲಿತ್ತು. “ಹೊರಗಿನ ಮಂದಿಗಿಂತ ತಿಜೋರಿ ಒಳಗಿಂದs ಹೆಚ್ಚು ಅಂಜಿಸಿತು. ಯಾರ ಮ್ಯಾಲೆ ಹಿಡೀಲಿ? ನನಗ ಕಾಯಿ ತಂದು ಹಾಕೂ ಮಂದೀ ಮ್ಯಾಲ?” ಎಂದು ಆಮೇಲೆ ಹೇಳಿದರು. ಮೆಚ್ಚಿ ತಂದ ಬಂದೂಕು ಅವರಿಗೆ ಅಂದಿನಿಂದ ಬೇಡವಾಗಿದೆ. ಬೇಡವಾಗಿದ್ದ ಬಂದೂಕು ಅಪ್ಪನಿಗೆ ಬೇಕಾಗಿದೆ.

ಈ ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ನಮ್ಮ ಸೀಮೆಯ ಹಳೆಯ ಬಂದೂಕಿನ ಕತೆಗಳು ನೆನಪಾಗುತ್ತವೆ. ಶಾಲೆಯಲ್ಲಿ ಎಲ್ಲರೂ ಓದುವುದು ಹಲಗಲಿಯ ಬೇಡರ ಲಾವಣಿ. 1857ರಲ್ಲಿ ಹತಾರ ಒಪ್ಪಿಸಿರಿ ಎಂದ ಕಂಪನಿ ಸರ್ಕಾರಕ್ಕೆ ಅವರು ಒಪ್ಪಿಸೆವು ಎಂದರು, ಊರು ಸುಟ್ಟುಹೋಯಿತು. ಅಲ್ಲಿ ಹತಾರ ಎಂದರೆ ಮಾನ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಗಾಂಧೀಜಿಯ ಜೊತೆ ದಂಡಿಗೆ ನಡೆದವರು. 1943ರ ಏಪ್ರಿಲ್ 1ರಂದು ಹಾವೇರಿಯ ಹತ್ತಿರದ ಹೊಸರಿತ್ತಿಯಲ್ಲಿ ಇಬ್ಬರು ಸಂಗಾತಿಗಳೊಂದಿಗೆ ಗುಂಡಿಗೆ ಬಲಿಯಾದರು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ಬಂದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಇಬ್ಬರು ರೈತರು ಸತ್ತರು. ಇಲ್ಲಿ ಬಂದೂಕು ಎಂದರೆ ಆಳುವವರ ಕೈ. ಮಾನದ ಬಂದೂಕು, ಆಳುವವರ ಬಂದೂಕು ಇವೆರಡನ್ನೂ ಬಲ್ಲ ನೆಲದಲ್ಲಿ ಅಪ್ಪನದು ಮೂರನೆಯ ಬಗೆ. ಅದು ಕುಂಟೆ, ಕುಡುಗೋಲು, ಕವಣೆಯ ಸಾಲಿಗೆ ಸೇರಿದ್ದು. ಜೋಳದ ಮಂಚಿಕೆಯ ಮೇಲೆ ನಿಂತು ಕವಣೆ ಬೀಸುತ್ತಿದ್ದವರಿಗೂ ಹಕ್ಕಿ ಕೊಲ್ಲಬೇಕೆಂಬ ಹಟವಿರಲಿಲ್ಲ, ತೆನೆ ಉಳಿದರೆ ಸಾಕಿತ್ತು.

ಹಾಗೆಂದು ಊದುಗೊಳವಿಯನ್ನು ಪೂಜೆಗಿಡಬೇಕಿಲ್ಲ. ಬರಿ ಮದ್ದಿನ ಈಡೂ ಅಪಾಯವೇ. ನಳಿಗೆಯಿಂದ ಹಾರಿದ ನಾರು ಉರಿಯುತ್ತಲೇ ಬಿದ್ದು ಒಣ ಸೊಪ್ಪೆಗೆ ಹತ್ತಬಹುದು, ಹತ್ತಿರ ನಿಂತವರ ಕಣ್ಣು ತೆಗೆಯಬಹುದು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ನಮ್ಮ ಹೊಲ ಬಿಟ್ಟ ಚಿಗರಿ ಹೋಗುವುದು ಪಕ್ಕದವರ ಹೊಲಕ್ಕೆ, ಅಲ್ಲಿಂದ ಬೆದರಿದರೆ ಮತ್ತೆ ನಮ್ಮದಕ್ಕೆ. ನೀಲಗಿರಿಯ ಜಾಗದಲ್ಲಿ ಹುಲ್ಲು ಬೆಳೆಯುವ ತನಕ, ಬೆಳೆಹಾನಿಯ ಪರಿಹಾರ ಮುಂದಿನ ಬಿತ್ತನೆಗಿಂತ ಮೊದಲು ಕೈಸೇರುವ ತನಕ, ಈ ಓಡಾಟ ನಿಲ್ಲುವುದಿಲ್ಲ. ಬಂದೂಕು ಅದನ್ನು ಒಂದು ರಾತ್ರಿಗೆ ಮುಂದೂಡುತ್ತದೆ ಅಷ್ಟೆ.

ಆದರೆ ಮುಂದೂಡುವ ಬೇರೆ ಉಪಾಯಗಳನ್ನೂ ನೋಡುತ್ತಿದ್ದೇನೆ. ಬೇಲಿಗೆ ಕಳ್ಳತನದಲ್ಲಿ ಕರೆಂಟು ಹಾಯಿಸುವವರಿದ್ದಾರೆ. ಅದಕ್ಕೆ ಹಂದಿ ಯಾವುದು, ನೀರು ಕಟ್ಟಲು ಹೊರಟ ಮನುಷ್ಯ ಯಾರು ಎಂಬುದು ತಿಳಿಯುವುದಿಲ್ಲ. ಹಿಟ್ಟಿನೊಳಗೆ ಸಿಡಿಮದ್ದು ಇಡುವವರಿದ್ದಾರೆ. ಅದನ್ನು ಹಂದಿಯೇ ಕಚ್ಚಬೇಕೆಂದಿಲ್ಲ, ಮೇಯಲು ಬಿಟ್ಟ ಆಕಳೂ ಕಚ್ಚುತ್ತದೆ. ಪ್ಲಾಸ್ಟಿಕ್ ಪೈಪಿನ ಕಾರ್ಬೈಡ್ ಗನ್ನಿಗೆ ಲೈಸೆನ್ಸು ಬೇಡ, ನೀರು ಮತ್ತು ಕಾರ್ಬೈಡು ಸಾಕು. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅದೇ ಆಟಿಕೆಯಾಗಿ ಮಾರಾಟವಾಗಿ ಅನೇಕ ಮಕ್ಕಳ ಕಣ್ಣಿಗೆ ಪೆಟ್ಟಾಯಿತು. ಇವಕ್ಕೆಲ್ಲ ಹೋಲಿಸಿದರೆ ಲೈಸೆನ್ಸಿನ ಹಳೆಯ ಬಂದೂಕಿನ ಹಿಂದೆ ಒಬ್ಬ ಮನುಷ್ಯ ಎಚ್ಚರವಾಗಿ ನಿಂತಿರುತ್ತಾನೆ. ಅವನ ಹೆಸರು, ಫೋಟೊ, ಸಹಿ ಪುಸ್ತಕದಲ್ಲಿರುತ್ತದೆ. ಏನಾದರೂ ಆದರೆ ಉತ್ತರ ಕೊಡುವವನು ಅವನೇ.

ಅಪ್ಪನಿಗೆ ಈಗ ಎಪ್ಪತ್ತು ದಾಟಿದೆ. 2016ರ ಆಯುಧ ನಿಯಮಗಳಲ್ಲಿ ಲೈಸೆನ್ಸುದಾರನಿಗೆ 70 ತುಂಬಿದರೆ, ಇಲ್ಲವೆ ಬಂದೂಕು 25 ವರ್ಷ ಅವನ ಬಳಿ ಇದ್ದರೆ, ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸು ಕೇಳಬಹುದು. ಬೆಂಗಳೂರಿನಲ್ಲಿರುವ ತಮ್ಮ ಠಾಣೆಗೆ ಒಪ್ಪಿಸಿ ಕೈತೊಳೆದುಕೊಳ್ಳೋಣ ಅನ್ನುತ್ತಾನೆ. ಹೊಲ ನೋಡಿಕೊಳ್ಳುತ್ತಿರುವುದು ನಾನು. ನನ್ನ ಹೆಸರಿಗೇ ಕೇಳಬೇಕೆಂದು ಗೊತ್ತುಮಾಡಿದ್ದೇನೆ. ಉದ್ದೇಶದ ಕಾಲಮ್ಮಿನಲ್ಲಿ ಅಜ್ಜ ಬರೆಸಿದ್ದನ್ನೇ ಬರೆದಿದ್ದೇನೆ: ಬೆಳೆ ರಕ್ಷಣೆ. ಬಂದೂಕು ಯಾವ ಬಗೆಯದು ಎಂಬಲ್ಲಿಯೂ ಬದಲಾವಣೆ ಕೇಳಿಲ್ಲ.

ಅರ್ಜಿಯ ಜೊತೆಗೆ ತರಬೇತಿಯ ಪ್ರಮಾಣಪತ್ರವೂ ಬೇಕು, ಅದಕ್ಕೆ ಹೋಗಿಬರುತ್ತೇನೆ. ಅಲ್ಲಿ ಗುರಿ ಹಿಡಿಯುವುದನ್ನು, ಬಂದೂಕು ಬಿಚ್ಚಿ ಜೋಡಿಸುವುದನ್ನು ಕಲಿಸುತ್ತಾರಂತೆ. ಅಪ್ಪ ಮಾತ್ರ ತನ್ನ ತರಬೇತಿಯನ್ನು ಆಗಲೇ ಶುರುಮಾಡಿದ್ದಾನೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಬಣವೆ ಎಲ್ಲಿದೆ, ಕುರಿಗಾರರು ಇವತ್ತು ಹಟ್ಟಿ ಹಾಕಿದ್ದು ಯಾರ ಹೊಲದಲ್ಲಿ, ಹೆಣ್ಣುಮಕ್ಕಳು ನಸುಕಿನಲ್ಲಿ ನಡೆಯುವ ಹಾದಿ ಯಾವುದು ಎಂದು ಬದುವಿನ ಮೇಲೆ ನಿಲ್ಲಿಸಿ ಒಂದೊಂದಾಗಿ ಕೇಳುತ್ತಾನೆ. ಎಲ್ಲಕ್ಕೂ ಸರಿಯಾಗಿ ಉತ್ತರ ಹೇಳಿದ ಮೇಲೆಯೇ ಮದ್ದಿನ ಮಾತು.