ನನ್ನ ಮೆಚ್ಚಿನ ನಾಲ್ಕು ಚಿತ್ರಗಳು

ಸೋದರಿಯರೇ, ನಿಮಗೆ ತುಂಬಾ ಮೆಚ್ಚಿಗೆಯಾದ ಚಿತ್ರ ಯಾವುದೂಂತ ಯಾರಾದರೂ ಕೇಳಿದರೆ ಥಟ್ಟನೆ ಏನು ಹೇಳುತ್ತೀರಿ? ನಮ್ಮ ಯಜಮಾನರು ‘ಬಂಗಾರದ ಮನುಷ್ಯ’ ಬಿಟ್ಟು ಬೇರೆ ಹೆಸರೆತ್ತುವುದಿಲ್ಲ. ನನ್ನದು ಪುಟ್ಟ ಪಟ್ಟಿ, ನಾಲ್ಕೇ ಹೆಸರು. ನಾಲ್ಕೂ ಹೆಂಗಸರು ಬರೆದ ಕಾದಂಬರಿಗಳಿಂದ ಬಂದವು. ಬೇಕೂಂತ ಆರಿಸಿದ್ದಲ್ಲ, ತಾನಾಗಿ ಹಾಗಾಯಿತು!

ಮೊದಲನೆಯದು ‘ಬೆಳ್ಳಿಮೋಡ’ (1967). ಪುಟ್ಟಣ್ಣ ಕಣಗಾಲರ ನಿರ್ದೇಶನ, ಕಲ್ಪನಾ ಅಭಿನಯ. ಆಸ್ತಿಗೆ ವಾರಸುದಾರ ಹುಟ್ಟಿದನೆಂದು ಕೈಬಿಟ್ಟು ಹೋದ ವರ, ಮನಸ್ಸು ತಿರುಗಿ ಮತ್ತೆ ಮದುವೆಯ ಮಾತೆತ್ತಿದಾಗ ಇಂದಿರಾ ಒಪ್ಪುವುದಿಲ್ಲ. ಹೆಣ್ಣು ನೋಡಿ ‘ಬೇಡ’ ಎಂದ ಗಂಡುಗಳನ್ನು ನಾವು ಎಷ್ಟು ಕಂಡಿಲ್ಲ! ಹೆಣ್ಣೇ ಬೇಡ ಎಂದದ್ದನ್ನು ನಾನು ಕಂಡದ್ದು ಅಲ್ಲೇ ಮೊದಲು.

ಎರಡನೆಯದು ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ (1969). ವೇಶ್ಯೆಯರ ಮನೆಯಲ್ಲಿ ಹುಟ್ಟಿದ ಚಂದ್ರಾಳಿಗೆ ಬೇಕಿದ್ದುದು ನಮಗೆಲ್ಲ ಕೇಳದೇ ಸಿಕ್ಕಿದ್ದು: ಒಂದು ತಾಳಿ, ಒಂದು ಸಂಸಾರ. ಅದೂ ಅವಳಿಗೆ ದಕ್ಕಲಿಲ್ಲ.

ಮೂರನೆಯದು ಅವರದೇ ‘ಫಣಿಯಮ್ಮ’ (1983). ನಿರ್ದೇಶಿಸಿದವರೂ ಹೆಣ್ಣೇ, ಪ್ರೇಮಾ ಕಾರಂತರು. ಬಾಲ್ಯದಲ್ಲೇ ವಿಧವೆಯಾದ ಫಣಿಯಮ್ಮ, ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆಯ ಪರ ನಿಲ್ಲುತ್ತಾಳೆ. ತಾನುಂಡ ನೋವನ್ನು ಇನ್ನೊಬ್ಬಳಿಗೂ ಉಣಿಸದಿರುವುದು ಸಣ್ಣ ಮಾತೇ?

ಕೊನೆಯದು ‘ಶರಪಂಜರ’ (1971). ಇದೂ ಪುಟ್ಟಣ್ಣನವರದೇ. ‘ಬೆಳ್ಳಿಮೋಡ’ದಂತೆ ಇದರ ಕಥೆಯೂ ತ್ರಿವೇಣಿಯವರದು. ನಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವರು ಆಕೆ. 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ತಮ್ಮ ಕಥೆ ತೆರೆಗೆ ಬಂದದ್ದನ್ನು ಅವರು ನೋಡಲೇ ಇಲ್ಲ.

ಕಾವೇರಿಗೆ ಬಂದದ್ದು ಬಾಣಂತಿ ಸನ್ನಿ. ಗುಣವಾಗಿ ಮನೆಗೆ ಬಂದರೂ ಯಾರೂ ಅವಳನ್ನು ನಂಬುವುದಿಲ್ಲ. ನನ್ನ ಚಿಕ್ಕಮ್ಮನ ಕಥೆಯೂ ಅದೇ. ಎರಡನೇ ಬಾಣಂತನದಲ್ಲಿ ರಾತ್ರಿಯಿಡೀ ನಿದ್ದೆಯಿಲ್ಲದೆ ಕೂತಿರುತ್ತಿದ್ದರು, ಮಗುವನ್ನು ಮುಟ್ಟುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ವಾಸಿಯಾಯಿತು. ಆದರೇನು, ಆಮೇಲೂ ಅವರು ಸ್ವಲ್ಪ ಜೋರಾಗಿ ನಕ್ಕರೆ ಮನೆಮಂದಿ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಒಲೆಯ ಮುಂದೆ ಒಬ್ಬರನ್ನೇ ಬಿಡುತ್ತಿರಲಿಲ್ಲ.

ಅಮ್ಮನೂ ನಾನೂ ಆ ಚಿತ್ರ ನೋಡಿ ಬರುವಾಗ ಅಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮಾರನೇ ದಿನವೇ ಹೋಗಿ ತಂಗಿಯನ್ನು ಕರಕೊಂಡು ಬಂದರು. “ಇವತ್ತು ನಿನ್ನ ಕೈ ಸಾರು ಕಣೇ” ಎಂದು ಅಡುಗೆಮನೆಯನ್ನು ಅವರಿಗೇ ಬಿಟ್ಟು, ತಾವು ಜಗಲಿಯಲ್ಲಿ ಹೂ ಕಟ್ಟುತ್ತಾ ಕೂತರು. ಒಮ್ಮೆಯೂ ಒಳಗೆ ಇಣುಕಲಿಲ್ಲ. ಸಾರು ಬಡಿಸುವಾಗ ಚಿಕ್ಕಮ್ಮನ ಕಣ್ಣು ತುಂಬಿತ್ತು. ಒಂದು ತಿಂಗಳು ನಮ್ಮಲ್ಲಿದ್ದು, ಮೊದಲಿನ ಚಿಕ್ಕಮ್ಮನಾಗಿ ಊರಿಗೆ ಹೋದರು.

ಅದಕ್ಕೇ ಹೇಳುತ್ತೇನೆ: ನಿಮ್ಮ ಮನೆಯ ಬಾಣಂತಿ ನಿದ್ದೆ ಬಿಟ್ಟರೆ, ಸುಮ್ಮಸುಮ್ಮನೆ ಅತ್ತರೆ, ಏನೇನೋ ಮಾತಾಡಿದರೆ ದೃಷ್ಟಿ, ಗಾಳಿ ಎಂದು ದಿನ ಕಳೆಯಬೇಡಿ. ತಡಮಾಡದೆ ವೈದ್ಯರಿಗೆ ತೋರಿಸಿ. ಇದಕ್ಕೆ ಚಿಕಿತ್ಸೆಯಿದೆ, ವಾಸಿಯಾಗುತ್ತದೆ. ವಾಸಿಯಾಗಿ ಬಂದವಳನ್ನು ಕಾವಲು ಕಾಯಬೇಡಿ.

ನಮ್ಮೂರಿನ ಟಾಕೀಸುಗಳು ಒಂದೊಂದಾಗಿ ಮುಚ್ಚುತ್ತಿವೆ, ‘ಶಾಂತಲಾ’ 2020ರಲ್ಲೇ ಮುಚ್ಚಿತು. ಆದರೆ ಹಳೆಯ ಚಿತ್ರಗಳು ಈಗ ಮೊಬೈಲಿನಲ್ಲೇ ಸಿಗುತ್ತವಲ್ಲ! ಒಂದು ಭಾನುವಾರ ಊಟವಾದ ಮೇಲೆ ‘ಶರಪಂಜರ’ ಹಾಕಿಕೊಂಡು ಕೂತು ನೋಡಿ. ಮನೆಯ ಗಂಡಸರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಮರೆಯಬೇಡಿ.